ರ‍್ಯಾಮ್ ಕೊಳ್ಳುವ ಮೊದಲು ರ‍್ಯಾಮ್ ನೋಡಿ

ಕಳೆದ ರಜೆಯಲ್ಲಿ ನಮ್ಮೂರು ಸಾಲಗುಂದಕ್ಕೆ ಹೋಗಿದ್ದೆ. ಸಿಂಧನೂರು ತಾಲೂಕು. ಫೈನಲ್ ಇಯರ್ ಪ್ರಾಜೆಕ್ಟನ್ನ ಅಲ್ಲೇ ಕೂತು ಮುಗಿಸೋಣ ಅಂತ ಲೆಕ್ಕ ಹಾಕಿದ್ದೆ. ನೆಲ್ಲಿನ, ಅಂದರೆ ಭತ್ತದ, ಎಲೆಯ ಫೋಟೋ ನೋಡಿ ಬೆಂಕಿ ರೋಗ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಮ್ ಅದು. ಗದ್ದೆಗೆ ಹೋಗಿ ಫೋನಿನಲ್ಲಿ 200 ಫೋಟೋ ತೆಗೆದೆ. ರನ್ ಕೊಟ್ಟೆ. ಎರಡು ನಿಮಿಷದಲ್ಲಿ ಲ್ಯಾಪ್‌ಟಾಪ್ ನಿಂತೇಬಿಟ್ಟಿತು, ಮೌಸ್ ಕೂಡ ಅಲ್ಲಾಡಲಿಲ್ಲ. ಮೂರು ಸಲ ಹಾಗೇ ಆಯಿತು.

ಸಿಂಧನೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದರೆ, "8 ಜಿಬಿ ಈಗ ಯಾವುದಕ್ಕೂ ಸಾಲಲ್ರೀ, ಹೊಸಾದು ತಗೊಳ್ರಿ" ಅಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ಎಷ್ಟ್ ಆಗ್ತೈತಿ ತಮ್ಮಾ?"

"ನಲವತ್ತು ಸಾವಿರದ ಮ್ಯಾಲೇ ಆಗ್ತೈತಪ್ಪಾ."

"ನೆಲ್ಲಿನ ರೊಕ್ಕ ಇನ್ನೂ ಕೈಗೆ ಬಂದಿಲ್ಲ. ಕೆಟ್ಟಿದ್ದು ಏನಂತ ಖಾತ್ರಿ ಮಾಡ್ಕೊಂಡಿಯೇನು?"

ಮಾಡಿಕೊಂಡಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಪೇಜಿಂಗ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವನು, ನನ್ನದೇ ಮಷೀನಿನ ಮೆಮೊರಿಯನ್ನ ಒಂದು ದಿನವೂ ತೆರೆದು ನೋಡಿರಲಿಲ್ಲ. ಆ ರಾತ್ರಿ ನೋಡಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಲ್ಯಾಪ್‌ಟಾಪ್ ನಿಂತಾಗ ಉಪಯೋಗಕ್ಕೆ ಬಂದೀತು.

ಮೊದಲು ಒಂದು ಮಾತು. ಡಿಸ್ಕ್ ಅಂದರೆ ಗೋದಾಮು, ರ‍್ಯಾಮ್ ಅಂದರೆ ಕಣ. ಕೆಲಸ ನಡೆಯುವುದು ಕಣದಲ್ಲಿ. ಕಣ ತುಂಬಿದರೆ ಸಿಸ್ಟಮ್ ಸದ್ಯಕ್ಕೆ ಬೇಡದ ಚೀಲಗಳನ್ನ ಗೋದಾಮಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ವಿಂಡೋಸ್‌ನಲ್ಲಿ ಈ ಜಾಗಕ್ಕೆ ಪೇಜ್ ಫೈಲ್ ಅಂತಾರೆ, ಲಿನಕ್ಸ್‌ನಲ್ಲಿ ಸ್ವಾಪ್. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗಿಂತ ಬಹಳ ನಿಧಾನ. ಹೊತ್ತು ಹಾಕುವುದರಲ್ಲೇ ಹೊತ್ತು ಹೋದರೆ ಮಷೀನ್ ನಿಂತಂತೆ ಕಾಣುತ್ತದೆ. ನಮ್ಮ ಸಿಲೆಬಸ್ಸಿನ ಥ್ರ್ಯಾಶಿಂಗ್ ಇದೇ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಆರಿಸಿ. ನಾವೆಲ್ಲ ನೋಡುವುದು ಶೇಕಡಾವಾರು ಅಂಕಿ ಒಂದನ್ನೇ. ಅದರ ಕೆಳಗಿರುವುದನ್ನ ನೋಡಬೇಕು.

ಇನ್ ಯೂಸ್ ಅಂದರೆ ಈಗ ನಿಜವಾಗಿ ಬಳಕೆಯಲ್ಲಿರುವುದು. ಕ್ಯಾಶ್ಡ್ ಅನ್ನುವುದರಲ್ಲಿ ಹೆಚ್ಚಿನ ಪಾಲು, ಹಿಂದೆ ತೆರೆದ ಫೈಲುಗಳನ್ನ ಮತ್ತೆ ಬೇಕಾದೀತು ಅಂತ ಸಿಸ್ಟಮ್ ಹಾಗೇ ಉಳಿಸಿಕೊಂಡದ್ದು. ಬೇರೆಯವರು ಕೇಳಿದರೆ ಅದನ್ನ ತಕ್ಷಣ ಬಿಟ್ಟುಕೊಡುತ್ತದೆ, ಹಾಗಾಗಿ ಅದಕ್ಕೆ ಹೆದರಬೇಕಿಲ್ಲ. ಅವೈಲಬಲ್ ಎಷ್ಟಿದೆ ಅನ್ನುವುದು ಮುಖ್ಯ. ಕಮಿಟೆಡ್ ಅನ್ನುವಲ್ಲಿ ಎರಡು ಅಂಕಿ ಇರುತ್ತವೆ: ಮೊದಲನೆಯದು ಎಲ್ಲ ಪ್ರೋಗ್ರಾಮುಗಳಿಗೂ ಸೇರಿ ಕೊಡುತ್ತೇನೆಂದು ಸಿಸ್ಟಮ್ ಒಪ್ಪಿಕೊಂಡ ಮೆಮೊರಿ, ಎರಡನೆಯದು ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿದ ಮಿತಿ. ಮೊದಲನೆಯದು ರ‍್ಯಾಮ್‌ಗಿಂತ ಬಹಳ ಮೇಲೆ ಹೋಗಿ, ಅವೈಲಬಲ್ ತಳ ಕಂಡಿದ್ದರೆ ಚೀಲ ಸಾಗಣೆ ಶುರುವಾಗಿದೆ ಅಂತಲೇ ತಿಳಿಯಿರಿ. ಖಾತ್ರಿಗೆ ರಿಸೋರ್ಸ್ ಮಾನಿಟರ್ ತೆರೆದು ಹಾರ್ಡ್ ಫಾಲ್ಟ್ಸ್ ಕಾಲಮ್ ನೋಡಿ. ಆಗಾಗ ಏರಿ ಇಳಿದರೆ ಸಹಜ. ಒಂದೇ ಸಮನೆ ನೂರಾರು ತೋರಿಸುತ್ತಿದ್ದರೆ ಮಾತ್ರ ತೊಂದರೆ.

ಲಿನಕ್ಸ್‌ನವರು ಫ್ರೀ ಕಮಾಂಡಿಗೆ ಹೈಫನ್ ಎಚ್ ಸೇರಿಸಿ ಕೊಡಿ. ಇಲ್ಲಿ ಫ್ರೀ ಅನ್ನುವ ಕಾಲಮ್ ಯಾವಾಗಲೂ ಕಡಿಮೆಯೇ ಇರುತ್ತದೆ, ಯಾಕಂದರೆ ಖಾಲಿ ರ‍್ಯಾಮನ್ನ ಲಿನಕ್ಸ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಈ ಗೊಂದಲಕ್ಕಾಗಿಯೇ 2014ರಲ್ಲಿ, ಕರ್ನಲ್ 3.14ರಿಂದ, ಅವೈಲಬಲ್ ಅಂದಾಜನ್ನ ಕರ್ನಲ್ಲೇ ಕೊಡುತ್ತಿದೆ. ನೋಡಬೇಕಾದ್ದು ಅದನ್ನ. ವಿಎಂಸ್ಟ್ಯಾಟ್ 1 ಅಂತ ಕೊಟ್ಟರೆ ಸೆಕೆಂಡಿಗೊಂದು ಸಾಲು ಬರುತ್ತದೆ, ಅದರಲ್ಲಿ ಎಸ್‌ಐ, ಎಸ್‌ಒ ಕಾಲಮ್‌ಗಳು ಸ್ವಾಪ್‌ನ ಒಳಹರಿವು, ಹೊರಹರಿವು. ಸೊನ್ನೆ ಇದ್ದರೆ ನೆಮ್ಮದಿ. ಪ್ರೋಗ್ರಾಮ್ ನಡುವೆ ನಿಂತು ಟರ್ಮಿನಲ್ಲಿನಲ್ಲಿ ಕಿಲ್ಡ್ ಅಂತ ಒಂದೇ ಪದ ಬಂದರೆ ಅದು ಓಓಎಂ ಕಿಲ್ಲರ್ ಕೆಲಸ ಇರಬಹುದು. ಡಿಮೆಸೇಜ್ ಕಮಾಂಡಿನಲ್ಲಿ ಅದರ ದಾಖಲೆ ಸಿಗುತ್ತದೆ.

ಈಗ ನನ್ನ ಕಥೆಗೆ ಬರ‍್ತೀನಿ. ಏನೂ ರನ್ ಮಾಡದೆ, ಬ್ರೌಸರ್ ಮಾತ್ರ ತೆರೆದಾಗ ಇನ್ ಯೂಸ್ ಸುಮಾರು 4 ಜಿಬಿ ಇತ್ತು. ಪ್ರೋಗ್ರಾಮ್ ಶುರು ಮಾಡಿ ಪ್ರೋಸೆಸಸ್ ಪಟ್ಟಿಯನ್ನ ಮೆಮೊರಿ ಪ್ರಕಾರ ಜೋಡಿಸಿದೆ. ಪೈಥಾನ್ ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಯಿತು: 1 ಜಿಬಿ, 2, 3... ಇಳಿಯಲೇ ಇಲ್ಲ. ಅಪರಾಧಿ ನನ್ನದೇ ಕೋಡ್!

ಫೋಲ್ಡರ್ ಸೈಜ್ 700 ಎಂಬಿ ಅಷ್ಟೇ ಇದೆಯಲ್ಲ ಅಂತ ನಾನು ನಂಬಿದ್ದೆ. ಆದರೆ ಜೆಪೆಗ್ ಅನ್ನುವುದು ಒತ್ತಿ ಕಟ್ಟಿದ ಗಂಟು. ಬಿಚ್ಚಿದಾಗ ಒಂದು ಫೋಟೋ 4000 ಗುಣಿಸು 3000, ಅಂದರೆ 1.2 ಕೋಟಿ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಮೂರು ಬೈಟ್. ಒಟ್ಟು 3.6 ಕೋಟಿ ಬೈಟ್, ಹೆಚ್ಚುಕಡಿಮೆ 36 ಎಂಬಿ. ಅಂಥ 200 ಫೋಟೋಗಳನ್ನ ಒಂದು ಲಿಸ್ಟಿಗೆ ತುಂಬಿಟ್ಟಿದ್ದೆ: 7.2 ಜಿಬಿ. ಮೊದಲೇ ಇದ್ದ 4 ಸೇರಿಸಿ. 8ರ ಕಣದಲ್ಲಿ 11ರ ರಾಶಿ! ಮುಂದಿನ ಸಾಲಿನಲ್ಲಿ 255ರಿಂದ ಭಾಗಿಸುವುದು ಬೇರೆ ಇತ್ತು. ನಮ್‌ಪೈನಲ್ಲಿ ಹಾಗೆ ಭಾಗಿಸಿದರೆ ಉತ್ತರ ಫ್ಲೋಟ್ 64 ಆಗುತ್ತದೆ, ಒಂದು ಬೈಟ್ ಇದ್ದಲ್ಲಿ ಎಂಟು. ಆ ಸಾಲಿನವರೆಗೆ ನನ್ನ ಪ್ರೋಗ್ರಾಮ್ ತಲುಪಿಯೇ ಇರಲಿಲ್ಲ.

ಮಾಡೆಲ್‌ಗೆ ಬೇಕಾಗಿದ್ದದ್ದು 224 ಗುಣಿಸು 224 ಗಾತ್ರದ ಚಿತ್ರ. ಒಂದೊಂದು ಫೋಟೋವನ್ನ ತೆರೆದ ಕೂಡಲೇ ಚಿಕ್ಕದು ಮಾಡಿ, ಚಿಕ್ಕದನ್ನಷ್ಟೇ ಲಿಸ್ಟಿಗೆ ಹಾಕಿದೆ. ಒಂದಕ್ಕೆ ಸುಮಾರು 150 ಕೆಬಿ, 200ಕ್ಕೆ 30 ಎಂಬಿ. ಬದಲಾಯಿಸಿದ್ದು ಎರಡೇ ಸಾಲು. ಪ್ರೋಗ್ರಾಮ್ ಪೂರ್ತಿ ಓಡಿತು.

ನಿಮ್ಮ ಕೋಡಿನಲ್ಲಿ ಯಾವ ಸಾಲು ಮೆಮೊರಿ ತಿನ್ನುತ್ತಿದೆ ಅಂತ ಗೊತ್ತಾಗದಿದ್ದರೆ ಟ್ರೇಸ್‌ಮ್ಯಾಲಾಕ್ ಬಳಸಿ, ಪೈಥಾನ್ 3.4ರಿಂದ ಜೊತೆಗೇ ಬರುತ್ತದೆ. ಸಿ ಬರೆಯುವವರಿಗೆ ವ್ಯಾಲ್‌ಗ್ರಿಂಡ್ ಇದೆ. ಬೇರೆ ಯಾವುದೋ ಸಾಫ್ಟ್‌ವೇರ್ ಮೇಲೆ ಸಂಶಯ ಇದ್ದರೆ ಒಂದೇ ಕೆಲಸವನ್ನ ಮತ್ತೆ ಮತ್ತೆ ಮಾಡಿಸಿ, ಐದು ನಿಮಿಷಕ್ಕೊಮ್ಮೆ ಅದರ ಮೆಮೊರಿ ಬರೆದಿಟ್ಟುಕೊಳ್ಳಿ. ಏರಿ ಒಂದು ಮಟ್ಟದಲ್ಲಿ ನಿಂತರೆ ಅದರ ಹಸಿವೇ ಅಷ್ಟು. ನಿಲ್ಲದೆ ಏರುತ್ತಲೇ ಇದ್ದರೆ ಲೀಕ್ ಇರಬಹುದು.

ಹಾಗಾದರೆ ರ‍್ಯಾಮ್ ಕೊಳ್ಳುವುದೇ ಬೇಡವಾ? ಬೇಕಾಗಬಹುದು. ದಿನಾ ಮಾಡುವ ಕೆಲಸದಲ್ಲೇ, ಬೇಡದ್ದೆಲ್ಲ ಮುಚ್ಚಿದ ಮೇಲೂ ಅವೈಲಬಲ್ ತಳದಲ್ಲೇ ಇದ್ದು ಹಾರ್ಡ್ ಫಾಲ್ಟ್ ನಿಲ್ಲದಿದ್ದರೆ ಕೊಳ್ಳಿ. ಆಗಲೂ ಹೊಸ ಲ್ಯಾಪ್‌ಟಾಪೇ ಬೇಕು ಅಂತಿಲ್ಲ. ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ ಸ್ಲಾಟ್ಸ್ ಯೂಸ್ಡ್ ಅಂತ ಇರುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಒಂದು ಸ್ಟಿಕ್ ಹಾಕಿಸಿದರೆ ಸಾಕು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಮಾಡೆಲ್ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ.

ಮರುದಿನ ಬೆಳಿಗ್ಗೆ ಅಪ್ಪನಿಗೆ, "ರೊಕ್ಕ ಬ್ಯಾಡಪ್ಪಾ, ತಪ್ಪು ನಂದೇ ಇತ್ತು" ಅಂದೆ. "ಛಲೋ ಆತು" ಅಂತ ಹೇಳಿ ಗದ್ದೆ ಕಡೆ ನಡೆದರು. ಅದೇ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಮುಗಿಸಿದೆ, ಈ ಲೇಖನ ಟೈಪ್ ಮಾಡಿದ್ದೂ ಅದರಲ್ಲೇ.