ಗೆರೆ ಎಳೆದವರಿಗೇ ಗೆಲುವು

ಒಂದು ಚೌಕುಳಿ ಹಾಳೆ ತೆಗೆದುಕೊಳ್ಳಿ. ಸಾಲಿಗೆ ಐದರಂತೆ ಐದು ಸಾಲು, ಒಟ್ಟು 25 ಮನೆ ಗುರುತಿಸಿ. ಮೊದಲ ಸಾಲಿನ 1, 2, 3. ಎರಡನೇ ಸಾಲಿನ 1, 4, 5. ಮೂರನೇ ಸಾಲಿನ 2, 3, 4 - ಈ ಒಂಬತ್ತು ಮನೆಗಳಲ್ಲಿ ‘ಬೇ’ ಎಂದೂ ಉಳಿದ ಹದಿನಾರರಲ್ಲಿ ‘ಮಾ’ ಎಂದೂ ಬರೆಯಿರಿ. ಬೇವಿನ ಪಕ್ಷಕ್ಕೆ 9 ಮತ, ಮಾವಿನ ಪಕ್ಷಕ್ಕೆ 16. ಈಗ ಒಂದೊಂದು ಅಡ್ಡಸಾಲನ್ನೂ ಒಂದು ಮತಕ್ಷೇತ್ರವೆಂದು ಎಣಿಸಿದರೆ ಬೇವಿನ ಪಕ್ಷ ಮೂರು ಕ್ಷೇತ್ರ ಗೆದ್ದು ಅಧಿಕಾರ ಹಿಡಿಯುತ್ತದೆ! ಕಂಬಸಾಲುಗಳನ್ನು ಕ್ಷೇತ್ರವಾಗಿಸಿದರೆ ಅದಕ್ಕೆ ಒಂದೂ ದಕ್ಕುವುದಿಲ್ಲ. ಯಾವ ಮತದಾರನೂ ಮನಸ್ಸು ಬದಲಿಸಿಲ್ಲ. ಬದಲಾದದ್ದು ಗೆರೆ ಮಾತ್ರ.

ಅಮೆರಿಕದ ರಾಜಕಾರಣಿಗಳು ಈ ಲೆಕ್ಕವನ್ನು ಇನ್ನೂರು ವರ್ಷಗಳಿಂದ ಬಲ್ಲರು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್. ಅದಕ್ಕೆ ಪ್ರತಿ ರಾಜ್ಯವೂ, ದೊಡ್ಡದಿರಲಿ ಚಿಕ್ಕದಿರಲಿ, ಇಬ್ಬರನ್ನು ಆರಿಸುತ್ತದೆ. ರಾಜ್ಯಕ್ಕೆ ರಾಜ್ಯವೇ ಕ್ಷೇತ್ರ, ಗೆರೆಯ ತಕರಾರಿಲ್ಲ. ತಕರಾರೆಲ್ಲ ಕೆಳಮನೆಯಾದ ಪ್ರತಿನಿಧಿ ಸಭೆಯದು. ಅದರ 435 ಸದಸ್ಯರು ಎರಡು ವರ್ಷಕ್ಕೊಮ್ಮೆ ಒಂದೊಂದು ಕ್ಷೇತ್ರದಿಂದ ಒಬ್ಬೊಬ್ಬರಂತೆ ಆರಿಸಿ ಬರುತ್ತಾರೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಈ ಸ್ಥಾನಗಳನ್ನು ರಾಜ್ಯಗಳಿಗೆ ಜನಸಂಖ್ಯೆಗೆ ತಕ್ಕಂತೆ ಹಂಚುತ್ತಾರೆ. 2020ರ ಗಣತಿಯಂತೆ ಸರಾಸರಿ 7 ಲಕ್ಷ 61 ಸಾವಿರ ಜನಕ್ಕೆ ಒಬ್ಬ ಪ್ರತಿನಿಧಿ. ಈ ಹಂಚಿಕೆ ಎಷ್ಟು ಕಟ್ಟುನಿಟ್ಟೆಂದರೆ, ಎಣಿಕೆಯಲ್ಲಿ ಇನ್ನು 89 ಜನ ಹೆಚ್ಚು ಸಿಕ್ಕಿದ್ದರೆ ನ್ಯೂಯಾರ್ಕ್ ರಾಜ್ಯಕ್ಕೆ ಆ ಸಲ ಕಳೆದುಕೊಂಡ ಒಂದು ಸ್ಥಾನ ಉಳಿದುಬಿಡುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ಗಣಿತ. ರಾಜ್ಯದೊಳಗೆ ಗೆರೆ ಎಳೆಯುವ ಕೆಲಸ ಮಾತ್ರ ಹೆಚ್ಚಿನ ಕಡೆ ಆಯಾ ರಾಜ್ಯದ ಶಾಸನಸಭೆಯದೇ. ಬೇಲಿಯೇ ಎದ್ದು ಹೊಲ ಮೇಯಲು ಇನ್ನೇನು ಬೇಕು?

1812ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ತನ್ನ ಪಕ್ಷಕ್ಕೆ ಅನುಕೂಲವಾದ ಕ್ಷೇತ್ರ ವಿಂಗಡಣೆಯ ಮಸೂದೆಗೆ ಸಹಿ ಹಾಕಿದ. ಅದರಲ್ಲೊಂದು ಕ್ಷೇತ್ರ ಅಂಕುಡೊಂಕಾಗಿ ಬಾಲ ಚಾಚಿಕೊಂಡಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬಿಡಿಸಿ ವ್ಯಂಗ್ಯಚಿತ್ರವಾಗಿ ಅಚ್ಚು ಹಾಕಿತು. ಸಾಲಮ್ಯಾಂಡರ್ ಎಂಬ ಪ್ರಾಣಿಯ ಹೆಸರಿಗೆ (ನೋಡಲು ಹಲ್ಲಿಯಂತಿದ್ದರೂ ಇದು ಕಪ್ಪೆಯ ಬಳಗದ ಉಭಯವಾಸಿ) ಗವರ್ನರನ ಹೆಸರು ಕೂಡಿ ‘ಗೆರಿಮ್ಯಾಂಡರ್’ ಎಂಬ ಪದ ಹುಟ್ಟಿತು. ಈಗ ಅದನ್ನು ‘ಜೆರಿಮ್ಯಾಂಡರ್’ ಎನ್ನುತ್ತಾರೆ. ಕನ್ನಡದ ಕಿವಿಗೆ ‘ಗೆರಿ’ಯೇ ಹೆಚ್ಚು ಹೊಂದುತ್ತದೆ. ಆ ವರ್ಷದ ರಾಜ್ಯ ಸೆನೆಟ್ ಚುನಾವಣೆಯಲ್ಲಿ ವಿರೋಧಿಗಳಿಗೇ ಹೆಚ್ಚು ಮತ ಬಿದ್ದರೂ 40ರಲ್ಲಿ 29 ಸ್ಥಾನ ಗೆರಿಯ ಪಕ್ಷದ ಪಾಲಾದವು. ಪಾಪ, ಗವರ್ನರ್ ಚುನಾವಣೆಗೆ ರಾಜ್ಯವೆಲ್ಲ ಒಂದೇ ಕ್ಷೇತ್ರವಾದ್ದರಿಂದ ಆತ ಮಾತ್ರ ಸೋತ.

ಗೆರೆಯನ್ನು ಮುಟ್ಟದೆ ಬಿಡುವುದೂ ಒಂದು ತಂತ್ರವೇ. ಟೆನೆಸೀ ರಾಜ್ಯ 1901ರ ಗೆರೆಗಳನ್ನೇ ಅರವತ್ತು ವರ್ಷ ಉಳಿಸಿಕೊಂಡಿತು. ಅಷ್ಟರಲ್ಲಿ ಜನ ನಗರ ಸೇರಿದ್ದರು. ಅಧಿಕಾರ ಹಳ್ಳಿಗಾಡಿನಲ್ಲೇ ಉಳಿದಿತ್ತು. 1962ರಲ್ಲಿ ಸುಪ್ರೀಂ ಕೋರ್ಟ್ ಇಂಥ ದೂರುಗಳನ್ನು ನ್ಯಾಯಾಲಯ ವಿಚಾರಿಸಬಹುದೆಂದಿತು. 1964ರಲ್ಲಿ ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಬೇಕೆಂದು ತೀರ್ಪಿತ್ತಿತು. ಆದರೆ ನಮ್ಮ ಚೌಕುಳಿ ಹಾಳೆಯಲ್ಲೂ ಎಲ್ಲ ಕ್ಷೇತ್ರಗಳಿಗೆ ಐದೈದೇ ಮನೆ ಇದ್ದವಲ್ಲ! ಸಮಸಂಖ್ಯೆಯಿಂದ ಮೋಸ ತಪ್ಪುವುದಿಲ್ಲ. ಪಕ್ಷಲಾಭಕ್ಕಾಗಿ ಎಳೆದ ಗೆರೆಗಳ ವಿಚಾರಣೆ ಕೇಂದ್ರ ನ್ಯಾಯಾಲಯಗಳ ಕೆಲಸವಲ್ಲವೆಂದು 2019ರಲ್ಲಿ ಅದೇ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕೈತೊಳೆದುಕೊಂಡಿತು. 2025ರಲ್ಲಿ ಟೆಕ್ಸಾಸ್ ರಾಜ್ಯ ಮುಂದಿನ ಗಣತಿಗೂ ಕಾಯದೆ ರಿಪಬ್ಲಿಕನ್ನರಿಗೆ ಅನುಕೂಲವಾಗುವಂತೆ ನಕ್ಷೆ ತಿದ್ದಿತು. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯದ ಮತದಾರರು ಡೆಮಾಕ್ರಾಟರಿಗೆ ಅನುಕೂಲವಾದ ನಕ್ಷೆಗೆ ಒಪ್ಪಿಗೆ ಕೊಟ್ಟರು.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಮಿಶಿಗನ್ ರಾಜ್ಯದ ಮತದಾರರು 2018ರಲ್ಲಿ ಪೆನ್ಸಿಲನ್ನು ಶಾಸಕರ ಕೈಯಿಂದ ಕಿತ್ತುಕೊಂಡು 13 ಮಂದಿ ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು. ಎರಡು ಪಕ್ಷಗಳಿಂದ ನಾಲ್ಕು ನಾಲ್ಕು ಜನ, ಯಾವ ಪಕ್ಷಕ್ಕೂ ಸೇರದವರು ಐವರು, ಆಯ್ಕೆ ಲಾಟರಿಯಂತೆ. ಈ ಆಯೋಗ ಎಳೆದ 13ನೇ ಕ್ಷೇತ್ರದಿಂದಲೇ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಪ್ರತಿನಿಧಿ ಸಭೆಗೆ ಆರಿಸಿ ಬಂದರು.

ಹಾಗೆಂದು ಆಯೋಗಕ್ಕೆ ನೂರಕ್ಕೆ ನೂರು ಅಂಕವೇನೂ ಸಿಗಲಿಲ್ಲ. ರಾಜ್ಯ ಶಾಸನಸಭೆಗಾಗಿ ಡೆಟ್ರಾಯಿಟ್ ಸುತ್ತ ಅದು ರಚಿಸಿದ್ದ 13 ಕ್ಷೇತ್ರಗಳನ್ನು, ಜನಾಂಗವನ್ನೇ ಮುಖ್ಯವಾಗಿ ನೋಡಿ ಗೆರೆ ಎಳೆಯಲಾಗಿದೆಯೆಂಬ ಕಾರಣಕ್ಕೆ, 2023ರ ಡಿಸೆಂಬರಿನಲ್ಲಿ ನ್ಯಾಯಾಲಯ ರದ್ದು ಮಾಡಿತು. ಆಯೋಗದವರು ಮತ್ತೆ ನಕ್ಷೆ ಹರಡಿಕೊಂಡು ಕೂರಬೇಕಾಯಿತು.