ಮುಂಬೈಯಲ್ಲಿ ದಾಖಲಾದ ಕೆಮ್ಮು, ಯಾದಗಿರಿಯಲ್ಲಿ ಸಿಗುವ ಮಾತ್ರೆ

ಧಾರವಾಡದ ನಮ್ಮಕ್ಕನ ಮಗಳು ಮುಂಬೈಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಭಾನುವಾರ ಮುಲುಂಡ್‌ನ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಈಗ ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಆದ್ದರಿಂದ ಮಾತೆಲ್ಲ ಫಾರಂಗಳದ್ದೇ. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ಎಸ್ ಫಾರಂ, ವೈದ್ಯರ ಅನುಮಾನಕ್ಕೆ ಪಿ, ಲ್ಯಾಬ್ ಖಚಿತಪಡಿಸಿದ್ದಕ್ಕೆ ಎಲ್. 2004ರಲ್ಲಿ ಶುರುವಾದ ಕೇಂದ್ರದ ರೋಗ ಕಣ್ಗಾವಲು ಯೋಜನೆಯಲ್ಲಿ ಇವು ವಾರಕ್ಕೊಮ್ಮೆ ಹೋಗುತ್ತಿದ್ದವು, ಈಗ ಆನ್‌ಲೈನ್. ಆಫೀಸಿನಲ್ಲಿ ದಿನವಿಡೀ ಲಾಗ್ ನೋಡುವ ನನಗೆ ಇದು ಸುಲಭವಾಗಿ ಅರ್ಥವಾಯಿತು. ಆದರೆ ಸರ್ವರಿಗೆ ನಾಚಿಕೆ, ಭಯ ಇಲ್ಲ. ರೋಗಿಗೆ ಎರಡೂ ಇವೆ.

ಆ ಭಯ ಈ ನಗರಕ್ಕೆ ಹಳೆಯದು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿ ತಿಳಿಸಿದರು. ಮನೆ ಮನೆ ಹೊಕ್ಕು ತಪಾಸಣೆ ಶುರುವಾಯಿತು, 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಬಂತು. ಜನ ರೋಗಿಗಳನ್ನು ಬಚ್ಚಿಟ್ಟರು, ಲಕ್ಷಗಟ್ಟಲೆ ಮಂದಿ ಊರು ಬಿಟ್ಟರು. 1898ರಲ್ಲಿ ಪ್ಲೇಗ್ ನಮ್ಮ ಬೆಂಗಳೂರನ್ನೂ ಮುಟ್ಟಿತು.

ಕ್ಷಯದ ವಿಷಯದಲ್ಲೂ ಮುಂಬೈಯೇ ದೇಶವನ್ನು ಎಚ್ಚರಿಸಿತು. 2011ರ ಕೊನೆಗೆ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯವಿದ್ದ ನಾಲ್ವರ ಬಗ್ಗೆ ಬರೆದರು. 2012ರ ಮೇ 7ರಂದು ಕೇಂದ್ರ ಸರ್ಕಾರ, ಖಾಸಗಿ ವೈದ್ಯರೂ ಪ್ರತಿಯೊಬ್ಬ ಕ್ಷಯರೋಗಿಯ ಮಾಹಿತಿ ಕೊಡಬೇಕೆಂದು ಆದೇಶಿಸಿತು. 2018ರಲ್ಲಿ ಔಷಧ ಅಂಗಡಿಗಳನ್ನೂ ಸೇರಿಸಿ, ತಿಳಿಸದಿದ್ದರೆ ಶಿಕ್ಷೆಗೂ ದಾರಿ ಮಾಡಿತು. ಶಿಕ್ಷೆಯ ಮಾತಿನಿಂದ ವೈದ್ಯರು ಬರೆದಾರು. ರೋಗಿ ನಿಜ ಹೇಳುತ್ತಾನೆಯೇ?

ಹುಡುಗಿಗೆ ಇದು ಅರ್ಥವಾದದ್ದು ಆರೋಗ್ಯ ಕೇಂದ್ರವೊಂದರಲ್ಲಿ. ಯಾದಗಿರಿ ಕಡೆಯ ಕಟ್ಟಡ ಕೂಲಿಯೊಬ್ಬನ ಕಫದಲ್ಲಿ ಕ್ಷಯ ಸಿಕ್ಕಿತ್ತು. ಅಲ್ಲಿದ್ದವರೆಲ್ಲ ಮರಾಠಿ, ಹಿಂದಿಯವರು. ಕನ್ನಡ ಬಲ್ಲವಳು ಇವಳೊಬ್ಬಳೇ. ಅವನು ಕೊಟ್ಟ ಮೊಬೈಲ್ ನಂಬರ್ ಮುಕಾದಮನದು. ಹದಿನೈದು ದಿನದಲ್ಲಿ ತಂಗಿಯ ಮದುವೆಗೆ ಊರಿಗೆ ಹೋಗುವವನಿದ್ದ. ಹೆಸರು ಬರೆಸಿಕೊಳ್ಳುವಾಗ ಅವನು ಕೇಳಿದ್ದು ಒಂದೇ: "ಊರಾಗ ಗೊತ್ತಾಕ್ಕತೇನ್ರೀ ಮೇಡಮ್? ಮದುವಿ ಮುರೀತಾವ್ರೀ."

ಗುಟ್ಟು ಕಾಯುತ್ತಾರೆ, ಮುಕಾದಮನಿಗೆ ಹೇಳುವುದಿಲ್ಲ ಎಂದು ಅವನಿಗೆ ಅವನದೇ ಮಾತಿನಲ್ಲಿ ಹೇಳಲು ಅರ್ಧ ಗಂಟೆ ಹಿಡಿಯಿತಂತೆ. ಕೊನೆಗೆ ಹೆಂಡತಿಯ ನಂಬರ್ ಕೊಟ್ಟ. ಅವನ ಹೆಸರನ್ನು ಹುಡುಗಿ ನನಗೂ ಹೇಳಲಿಲ್ಲ, ಹೇಳಲೂಬಾರದು. "ಆ ನಂಬರ್ ಸಿಗಲಿಲ್ಲಂದ್ರ ನಮ್ಮ ರಿಪೋರ್ಟಿಂದ ಏನೂ ಉಪಯೋಗಿಲ್ಲ ಮಾಮಾ" ಎಂದಳು.

ಸಾಮಾನ್ಯ ಕ್ಷಯಕ್ಕೂ ಚಿಕಿತ್ಸೆ ಆರು ತಿಂಗಳದ್ದು. ವಾಸಿಯಾಯಿತೆಂದು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗವಾಗಿ ಮರಳಬಹುದು. ಊರಿಗೂ ಮುಂಬೈಗೂ ಓಡಾಡುವ ನಮ್ಮವರಿಗೆ ಅಪಾಯ ಇರುವುದು ಇಲ್ಲೇ. ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವ ಹೋಟೆಲ್ ಹುಡುಗರಲ್ಲಿ ಕೆಮ್ಮು ಒಬ್ಬನದಾಗಿ ಉಳಿಯುವುದಿಲ್ಲ.

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಕೇಂದ್ರದಲ್ಲಿ ಅದು ಉಚಿತ, ಔಷಧವೂ ಉಚಿತ. ಕ್ಷಯ ಎಂದಾದರೆ ನಿಕ್ಷಯ್ ಐಡಿ ಕೇಳಿ ಬರೆದಿಟ್ಟುಕೊಳ್ಳಿ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣವೂ ಆ ದಾಖಲೆಯ ಮೇಲೆಯೇ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಊರಿಗೆ ಹೊರಡುವ ಮುನ್ನ ಕೇಂದ್ರಕ್ಕೆ ತಿಳಿಸಿದರೆ ನಿಮ್ಮ ದಾಖಲೆಯನ್ನು ಅಲ್ಲಿಗೆ ವರ್ಗಾಯಿಸುತ್ತಾರೆ, ಉಳಿದ ಮಾತ್ರೆ ಅಲ್ಲಿಯೇ ಸಿಗುತ್ತದೆ.