ನಕ್ಷೆಯಲ್ಲಿಲ್ಲದ ಬಾವಿಗಳೂ ಸೋರುತ್ತವೆ

ತೈಲ, ಅನಿಲ ಬಾವಿಗಳಿಂದ ನೀರು, ಗಾಳಿ, ಊರುಗಳಿಗೆ ಎಷ್ಟು ಅಪಾಯವಿದೆ ಎಂದು ಅಳೆಯಲು ಈಗ ಜಿಐಎಸ್ ತಂತ್ರಾಂಶ ಬಳಸುತ್ತಾರೆ. ಬಾವಿ, ಹೊಳೆ, ಕಾಡು, ಶಾಲೆಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ ನೋಡುವ ಸಾಧನ ಇದು. ಅದು ಹೇಳದ್ದನ್ನೂ ಹೇಳಿತೆಂದು ನಂಬುವವರು ಬಹಳ.

ತಪ್ಪು ಕಲ್ಪನೆ: ನಕ್ಷೆಯಲ್ಲಿ ಚುಕ್ಕೆ ಇಲ್ಲವೆಂದರೆ ಅಲ್ಲಿ ಬಾವಿ ಇಲ್ಲ.

ವಾಸ್ತವ: ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಎಣ್ಣೆ ಬಾವಿ ಕೊರೆದದ್ದು 1859ರಲ್ಲಿ. ಅಲ್ಲಿ ಬಾವಿಗೆ ಪರವಾನಗಿ ಬೇಕೆಂಬ ನಿಯಮ ಬರಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ನಡುವೆ ಕೊರೆದ ಅಸಂಖ್ಯ ಬಾವಿಗಳಿಗೆ ದಾಖಲೆಯೇ ಇಲ್ಲ. ಕೆಲವಕ್ಕೆ ಮರದ ತುಂಡು, ಕಲ್ಲು ತುರುಕಿ ಬಿಟ್ಟುಹೋಗಿದ್ದಾರೆ. ಇಂಥವುಗಳಿಂದ ಮೀಥೇನ್ ಸೋರಬಹುದು, ಅಂತರ್ಜಲಕ್ಕೆ ಉಪ್ಪುನೀರು ಬೆರೆಯಬಹುದು. ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಕಟ್ಟಿದ ಡ್ರೋನ್ ಹಾರಿಸಿ ನೆಲದೊಳಗಿನ ಉಕ್ಕಿನ ಕೊಳವೆ ಹುಡುಕಬಹುದು. ಆದರೆ ಗುಜರಿ ಬೆಲೆಗೆ ಕೊಳವೆಯನ್ನೇ ಕಿತ್ತೊಯ್ದ ಕಡೆ ಅದೂ ಕೈಚೆಲ್ಲುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಹಳೆಯ ಸರ್ವೆ ನಕ್ಷೆಗಳಲ್ಲಿನ ಬಾವಿ ಗುರುತುಗಳನ್ನು ಕೃತಕ ಬುದ್ಧಿಮತ್ತೆಯಿಂದ ಓದಿಸಿದರು. ಕ್ಯಾಲಿಫೋರ್ನಿಯ, ಒಕ್ಲಹೋಮಗಳ ನಾಲ್ಕು ಕೌಂಟಿಗಳಲ್ಲೇ ದಾಖಲೆಗೆ ಸಿಗದ 1,301 ಬಾವಿಗಳ ಸುಳಿವು ಸಿಕ್ಕಿತು. 2024ರಲ್ಲಿ ಇದು ಪ್ರಕಟವಾಯಿತು. ಖಾಲಿ ಜಾಗ ಕಂಡರೆ ಸಮಾಧಾನಪಡುವ ಬದಲು ಅನುಮಾನಪಡುವುದೇ ಸರಿ ಎನ್ನಲು ನನಗೆ ಇಷ್ಟು ಸಾಕು.

ತಪ್ಪು ಕಲ್ಪನೆ: ಚುಕ್ಕೆ ಇರುವ ಕಡೆಯೇ ಇಡೀ ಬಾವಿ.

ವಾಸ್ತವ: ಚುಕ್ಕೆ ತೋರಿಸುವುದು ಬಾವಿಯ ಬಾಯಿಯನ್ನು ಮಾತ್ರ. ಶೇಲ್ ಬಂಡೆಯೊಳಗಿನ ಅನಿಲದ ಬಾವಿ ಆಳಕ್ಕಿಳಿದು ಅಡ್ಡಕ್ಕೆ ತಿರುಗಿ ಒಂದೆರಡು ಮೈಲಿ ಸಾಗುತ್ತದೆ. ಆ ಗೆರೆಯನ್ನೂ ಬರೆಯದಿದ್ದರೆ ಅದು ಯಾರ ಜಮೀನಿನಡಿ, ಯಾವ ಹಳೆಯ ಬಾವಿಯ ಪಕ್ಕ ಹಾದಿದೆ ಎಂಬುದು ತಿಳಿಯದು.

ತಪ್ಪು ಕಲ್ಪನೆ: ಇದು ಕಂಪನಿ, ಸರ್ಕಾರಗಳ ಕೈಗಷ್ಟೇ ಎಟುಕುವ ಕೆಲಸ.

ವಾಸ್ತವ: ಕ್ಯೂಜಿಐಎಸ್ ಎಂಬ ಜಿಐಎಸ್ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಎಚ್ಚರ ಬೇಕಾದದ್ದು ದತ್ತಾಂಶದಲ್ಲಿ. ಅಮೆರಿಕದ ಹಳೆಯ ದಾಖಲೆಗಳ ಅಕ್ಷಾಂಶ, ರೇಖಾಂಶಗಳು 1927ರ ಭೂಮಾಪನ ಆಧಾರದ ಮೇಲಿದ್ದು, ಪರಿವರ್ತಿಸದೆ ಹಾಕಿದರೆ ಬಾವಿ ಹತ್ತಾರು ಮೀಟರ್ ಜರುಗಿಬಿಡುತ್ತದೆ.

ತಪ್ಪು ಕಲ್ಪನೆ: ಬಾವಿಯ ಸುತ್ತ ವೃತ್ತ ಎಳೆದರೆ ಹೊರಗಿನವರೆಲ್ಲ ಸುರಕ್ಷಿತ.

ವಾಸ್ತವ: ಕೊಲರಾಡೊದಲ್ಲಿ ಮನೆಗಳಿಂದ 2,000 ಅಡಿ, ಕ್ಯಾಲಿಫೋರ್ನಿಯದಲ್ಲಿ 3,200 ಅಡಿ ಅಂತರದ ನಿಯಮಗಳಿವೆ. ಕಾನೂನಿಗೆ ಒಂದು ಸಂಖ್ಯೆ ಬೇಕು, ನಿಜ. ಆದರೆ ನೀರು ಇಳಿಜಾರಿನ ದಾರಿ ಹಿಡಿಯುತ್ತದೆ, ಹೊಗೆ ಗಾಳಿಯ ದಾರಿ.

ಇದಕ್ಕೆ ನಮ್ಮಲ್ಲೇ ಉದಾಹರಣೆಯಿದೆ: ಅಸ್ಸಾಮಿನ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾದ ಅನಿಲ ಬಾವಿ ಸ್ಫೋಟಿಸಿತು, ಜೂನ್ 9ರಂದು ಹೊತ್ತಿಕೊಂಡಿತು. ಅದನ್ನು ಮುಚ್ಚಲು ನವೆಂಬರ್ ಬರಬೇಕಾಯಿತು. ಅಗ್ನಿಶಾಮಕ ದಳದ ಇಬ್ಬರು ತೀರಿಕೊಂಡರು. ಅನಿಲದ ಜೊತೆ ಚಿಮ್ಮಿದ ಎಣ್ಣೆ ಮಾಗುರಿ ಮೋಟಾಪುಂಗ್ ಜೌಗಿನ ನೀರಿಗೂ ಸೇರಿತು. ದಿಬ್ರು ಸೈಖೋವಾ ರಾಷ್ಟ್ರೀಯ ಉದ್ಯಾನವೂ ಪಕ್ಕದಲ್ಲೇ ಇತ್ತು. ಇಂಥ ಜಾಗದಲ್ಲಿ ಇಳಿಜಾರು, ಮಳೆಗಾಲದ ನೀರಿನ ಹರಿವು, ಗಾಳಿಯ ದಿಕ್ಕು, ಮೀನು ಹಿಡಿಯುವ ತಾಣಗಳ ಪದರಗಳಿಲ್ಲದ ಅಪಾಯದ ನಕ್ಷೆಯನ್ನು ಅನುಮತಿ ಕೊಡುವವರು ಒಪ್ಪಲೇಬಾರದು. ಕೊರೆಯುವ ಯಂತ್ರ ಬರುವ ಮೊದಲೇ ಆ ನಕ್ಷೆ ಜೌಗಿನ ಮೀನುಗಾರರ ಕೈಯಲ್ಲಿರಬೇಕು.